ಗಂಗಿ ಮೂಸಿ ಬಿಟ್ಟದ್ದು

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ಅಮರಗೋಳದ ಮಾರುಕಟ್ಟೆಯಲ್ಲಿ ಹರಿದ ಚೀಲ ಹೊಲಿಯುವ ಬಡೇಸಾಬರು. ನಮಾಜಿನ ಹೊತ್ತಿಗೆ ಸೂಜಿ ಕೆಳಗಿಟ್ಟು ಏಳುವ ಮನುಷ್ಯ, ಸುಳ್ಳು ಹೇಳಲು ಅವರಿಗೆ ಪುರಸೊತ್ತಿಲ್ಲ. ಶಿವನ ಮೇಲೆ ಭಾರ ಹಾಕಿ, ಅವರು ಹೇಳಿದಷ್ಟನ್ನೇ ಹೇಳುತ್ತೇನೆ.

ರಾಯಾಪುರದ ಆಚೆ, ಹೊಲದ ಕಸದಿಂದ ಎಥೆನಾಲ್ ಎಂಬ ಇಂಧನ ತೆಗೆಯುವ ಘಟಕವೊಂದು ಸ್ಥಾಪನೆಯಾಗಿದೆ. ತಿನ್ನುವ ಪದಾರ್ಥವನ್ನು ಗಾಡಿಗೆ ಕುಡಿಸಬಾರದು ಎಂಬುದು ಅದರ ಮೊದಲನೆಯ ನಿಯಮ. ತಂದ ಕಸ ಕಸವೇ ಹೌದೆಂದು ಒಬ್ಬರು ಪ್ರಮಾಣೀಕರಿಸಬೇಕು ಎಂಬುದು ಎರಡನೆಯದು. ಆ ಒಬ್ಬರು ಯಾರು ಎಂದು ಬರೆಯಲು ಜಾಗ ಬಿಟ್ಟಿದ್ದರು. ಬರೆದಿರಲಿಲ್ಲ.

ಊರವರೆಲ್ಲ 'ಅಯ್ನಾರು' ಎನ್ನುವ ಜಂಗಮ ರೈತ ಮಹಾಂತಯ್ಯನವರು ಒಂದು ಟ್ರ್ಯಾಕ್ಟರ್ ತುಂಬ ಗೋವಿನಜೋಳದ ದಂಟು ಹೇರಿಕೊಂಡು ಬಂದರು. ಮಳೆಗೆ ನೆನೆದು ಕರ್ರಗಾದ ದಂಟು. ಘಟಕದ ಅಧಿಕಾರಿ ಜೆರೋಮ್ ಸಾಹೇಬರು ಕನ್ನಡಕ ಒರೆಸಿಕೊಂಡು ನೋಡಿದರು.

"ಇದು ಕಸಾ ಅಂತ ಯಾರ್ ಹೇಳ್ಯಾರ್ರಿ, ಅಯ್ನಾರ?"

"ಯಾರ್ ಹೇಳಬೇಕ್ರಿ? ನಮ್ಮ ಗಂಗಿ ಮೂಸಿ ಬಿಟ್ಟಾಳ."

"ಗಂಗಿ ಯಾರ್ರಿ?"

"ನಮ್ಮ ಎಮ್ಮಿರಿ. ಎಮ್ಮಿ ತಿಂದದ್ದು ಮೇವು, ಮೂಸಿ ಬಿಟ್ಟದ್ದು ಕಸಾ. ಮುತ್ತ್ಯಾನ ಕಾಲದಿಂದ ನಮ್ಮ ಮನ್ಯಾಗ ಹಿಂಗ."

ಜೆರೋಮ್ ಸಾಹೇಬರು ಬಹಳ ದಿನದಿಂದ ಖಾಲಿ ಇದ್ದ ಜಾಗದಲ್ಲಿ 'ಗಂಗಿ' ಎಂದು ಬರೆದುಕೊಂಡರು. "ಹಂಗಾದ್ರ ಆಕೀನ್ನ ಕರಕೊಂಡ ಬರ್ರಿ. ಸಹಿ ಬ್ಯಾಡ, ಹಾಜರಿ ಸಾಕು."

ಗಂಗಿ ಬಂದಳು, ಮೂಸಿದಳು, ಮುಖ ತಿರುಗಿಸಿದಳು. ದಂಟು ಒಳಗೆ ಹೋಯಿತು. ಮಹಾಂತಯ್ಯನವರು ಎಮ್ಮೆ ಹೊಡೆದುಕೊಂಡು ಹೊರಡುವಷ್ಟರಲ್ಲಿ ಗೇಟಿಗೆ ಒಂದು ಕಾಗದ ಅಂಟಿಸಿದ್ದರು.

'ಪ್ರಕಟಣೆ: ಶ್ರೀಮತಿ ಗಂಗಿ ಅವರನ್ನು ಮುಂದಿನ ಆದೇಶದವರೆಗೆ ಪ್ರಭಾರ ತ್ಯಾಜ್ಯ ಪರೀಕ್ಷಕರನ್ನಾಗಿ ನೇಮಿಸಲಾಗಿದೆ. ಸದರಿಯವರು ಮೂಸಿ ಬಿಟ್ಟದ್ದು ತ್ಯಾಜ್ಯ, ತಿಂದದ್ದು ಆಹಾರ. ಸೇವಾವಧಿಯಲ್ಲಿ ಕರೆದ ಹಾಲನ್ನು ಘಟಕದ ಉಪ-ಉತ್ಪನ್ನವೆಂದು ಪರಿಗಣಿಸತಕ್ಕದ್ದು. ಸದರಿಯವರಿಗೆ ಹಿಂಡಿಯ ಆಮಿಷ ಒಡ್ಡುವುದು ಶಿಕ್ಷಾರ್ಹ.'

ಬರಿಗೈಯಲ್ಲಿ ಬಂದ ಗಂಡನನ್ನು ಗೌರಕ್ಕ ಬಾಗಿಲಲ್ಲೇ ನಿಲ್ಲಿಸಿದರು.

"ಕಸಾ ಕೊಟ್ಟು ಬರ್ರಿ ಅಂದ್ರ ಎಮ್ಮಿ ಕೊಟ್ಟು ಬಂದ್ರಿ. ನಾಳೆ ನನ್ನ ಕೊಟ್ಟು ಕಸಾ ತರ್ತೀರೇನು? ಮುಂಜಾನೆ ಲಿಂಗಕ್ಕ ಪಾಕೀಟಿನ ಹಾಲು ಎರೀತೀರಿ? ಅಂವಗ ಗೊತ್ತಾಗೂದಿಲ್ಲಂತ ತಿಳದೀರೇನು? ಗಂಗಿ ಬರೂತನಾ ಈ ಮನ್ಯಾಗ ಚಹಾನೂ ಇಲ್ಲ, ಮಜ್ಜಿಗೀನೂ ಇಲ್ಲ."

ಚಹಾ ಹೋಗಲಿ. ಪೂಜೆಗೆ ಮನೆಯ ಹಾಲಿಲ್ಲ ಎಂಬುದು ಮಹಾಂತಯ್ಯನವರ ಎದೆಯಲ್ಲಿ ಮುಳ್ಳಾಗಿ ಕುಳಿತಿತು. ಮರುದಿನವೇ ಅರ್ಜಿ ಕೊಟ್ಟರು.

"ಬಿಡಾಕ ಬರ್ತೇತ್ರಿ," ಎಂದರು ಸಾಹೇಬರು. "ಆಕಿ ಅನರ್ಹ ಅಂತ ಆಗಬೇಕು, ಮ್ಯಾಲೆ ಬದಲಿ ನೌಕರ ಬರಬೇಕು. ಇಲ್ಲಂದ್ರ ಅರವತ್ತಕ್ಕ ನಿವೃತ್ತಿ ಐತಿ."

"ಆಕೀಗೆ ಈಗ ಏಳು ವರ್ಷರಿ!"

"ಐವತ್ಮೂರು ವರ್ಷ ಸೇವಾ ಉಳದೈತಿ. ಯಾರಿಗ್ ಸಿಗತೈತ್ರಿ ಇಂಥಾ ನೌಕರಿ?"

ಮಹಾಂತಯ್ಯನವರು ದಿನಾ ಹೋಗಿ ಗೇಟಿನ ಹೊರಗೆ ಕೂತರು. ಕೂತಲ್ಲಿಂದ ಆಡಳಿತದ ಮರ್ಮ ತಿಳಿಯಿತು. ಮುಂಜಾನೆ ಗಂಗಿ ಹಸಿದಿರುತ್ತಾಳೆ, ಬಂದದ್ದನ್ನೆಲ್ಲ ತಿನ್ನುತ್ತಾಳೆ. ರೈತ ಹೆಂಗಸು ದುರಗವ್ವ ತಂದ ಕಡಲೆ ಹೊಟ್ಟನ್ನು ಎರಡು ಬಾಯಿ ತಿಂದಳು. ಸಾಹೇಬರು 'ಆಹಾರ' ಎಂಬ ಮುದ್ರೆ ಒತ್ತಿ, "ಮನಿಗೊಯ್ದು ಜ್ವಾಕಿ ಇಡ್ರಿ ಅವ್ವಾರ, ದೇಶಕ್ಕ ಬೇಕಾಗತೈತಿ" ಎಂದರು.

"ಹಂಗಾದ್ರ ಊಟಕ್ಕ ಬರ್ರಿ ಸಾಹೇಬ್ರ," ಎಂದಳು ದುರಗವ್ವ. "ಇದನ್ನ ಬಡಸ್ತೇನಿ."

ಮೂರು ಗಂಟೆಯ ಹೊತ್ತಿಗೆ ಗಂಗಿಯ ಹೊಟ್ಟೆ ನಗಾರಿಯಾಗಿರುತ್ತದೆ. ಸರಿಯಾಗಿ ಆಗಲೇ ಅಮರಗೋಳದ ಕಾಳಿನ ವ್ಯಾಪಾರಿ ಹುಚ್ಚಪ್ಪನ ಲಾರಿ ಬರುತ್ತದೆ. ತ್ಯಾಜ್ಯಕ್ಕೆ ಸರ್ಕಾರದ ಪ್ರೋತ್ಸಾಹಧನವಿತ್ತು, ಕಾಳಿಗೆ ಇರಲಿಲ್ಲ. ಬಂಗಾರದ ಬಣ್ಣದ ಹೊಸ ಗೋವಿನಜೋಳವನ್ನು ಗಂಗಿ ಮೂಸುತ್ತಾಳೆ, ಮೆಲುಕು ಹಾಕುತ್ತ ಮುಖ ತಿರುಗಿಸುತ್ತಾಳೆ. ತ್ಯಾಜ್ಯ! ಹೀಗೆ ಹನ್ನೊಂದು ಲಾರಿ ತ್ಯಾಜ್ಯ ಒಳಗೆ ಹೋಗಿ ಎಥೆನಾಲ್ ಆಗಿ ಹೊರಗೆ ಬಂತು. ಎಲ್ಲರಿಗೂ ಸಂತೋಷವಾಯಿತು.

ಕಾರ್ತಿಕ ಸೋಮವಾರ ಬಂತು. ಮಹಾಂತಯ್ಯನವರು ವಿಭೂತಿ ಧರಿಸಿ ಸಾಹೇಬರ ಮುಂದೆ ನಿಂತರು.

"ಇವತ್ತು ನಮ್ಮ ಮನ್ಯಾಗ ಎಲ್ಲಾರೂ ಉಪಾಸರಿ. ಗಂಗೀನೂ ಮನಿ ಮಂದೀನ."

ಜೆರೋಮ್ ಸಾಹೇಬರು ದೈವಭಕ್ತರು. "ಉಪಾಸ ನಮ್ಮಲ್ಲೂ ಐತ್ರಿ. ದೇವರ ಕೆಲಸಕ್ಕ ಅಡ್ಡ ಬರಬಾರದು," ಎಂದು ಮೂರು ಗಂಟೆಯವರೆಗೆ ವ್ರತರಜೆ ಮಂಜೂರು ಮಾಡಿದರು. ಮಹಾಂತಯ್ಯನವರು ಗಂಗಿಯ ಬಾಯಿಗೆ ಚೀಲ ಕಟ್ಟಿದರು.

ಮೂರಕ್ಕೆ ಲಾರಿ ಬಂತು. ಚೀಲ ಬಿಚ್ಚಿದ್ದೇ ತಡ, ಗಂಗಿ ಹುಚ್ಚಪ್ಪನ ಕಾಳಿನ ಬುಟ್ಟಿಗೆ ಮುಖ ಹಾಕಿದಳು. ಬುಟ್ಟಿಯ ತಳ ಕಾಣುವವರೆಗೆ ಎತ್ತಲಿಲ್ಲ.

"ನಿನ್ನೆ ಕಸಾ ಇದ್ದದ್ದು ಇವತ್ತು ಹೆಂಗ ಆಹಾರ ಆತ್ರಿ?" ಹುಚ್ಚಪ್ಪ ಕೂಗಿದ. "ಇದು ಆಹಾರಾದ್ರ ಒಳಗ ಹೋದ ಹನ್ನೊಂದು ಲಾರಿ ಏನ್ರಿ?"

ಸಾಹೇಬರು ಕಣ್ಣು ಮುಚ್ಚಿ ಯೋಚಿಸಿದರು. "ಹನ್ನೊಂದು ಲಾರಿ ತಪ್ಪಾಗೂದಕ್ಕಿಂತ ಒಂದು ಎಮ್ಮಿ ತಪ್ಪಾಗೂದು ಛಲೋ."

ಆದೇಶ ಹೊರಟಿತು: 'ಕರ್ತವ್ಯದ ವೇಳೆಯಲ್ಲಿ ತ್ಯಾಜ್ಯ ಸೇವಿಸಿದ ಕಾರಣ ಸದರಿ ಗಂಗಿ ಅವರು ಹುದ್ದೆಗೆ ಅನರ್ಹರು.' ಮಹಾಂತಯ್ಯನವರು ಮನಸ್ಸಿನಲ್ಲೇ ಶಿವನಿಗೆ ಕೈಮುಗಿದು ಹಗ್ಗ ಹಿಡಿದರು.

"ತಡೀರಿ," ಎಂದರು ಸಾಹೇಬರು. "ಬದಲಿ?"

ಗಂಗಿ ಮನೆಯ ದಿಕ್ಕಿಗೆ ನೋಡಿ ಒಮ್ಮೆ ಕೂಗಿದಳು. ಎಲ್ಲರೂ ಮಹಾಂತಯ್ಯನವರನ್ನು ನೋಡಿದರು.

"ನನ್ನ ಕಡಿಂದ ಆಗೂದಿಲ್ರಿ. ಕೊರಳಾಗ ಲಿಂಗ ಐತಿ, ಸುಳ್ಳು ಹೇಳಾಕ ಬರೂದಿಲ್ಲ."

"ಸುಳ್ಳು ಹೇಳ್ರಿ ಅಂತ ಯಾರ್ ಅಂದಾರ್ರಿ?" ಎಂದ ಹುಚ್ಚಪ್ಪ. "ತಿಂತೀರೇನು ಅಂತ ಕೇಳ್ತಾರ. ಬೇಕಾದ್ರ ಹೂಂ ಅನ್ರಿ, ಬ್ಯಾಡಾದ್ರ ಒಲ್ಲೆ ಅನ್ರಿ. ಖರೇನ ಹೇಳ್ರಿ. ನಿಮ್ಮ ಮಧ್ಯಾಹ್ನದ ಊಟದ ಜವಾಬ್ದಾರಿ ನಂದು."

ಆ ಸಂಜೆ ಗಂಗಿ ಮನೆಗೆ ಹೋದಳು. ಮರುದಿನ ಮುಂಜಾನೆ ಲಿಂಗಕ್ಕೆ ಮನೆಯ ಹಾಲು ಎರೆಯಿತು ಗೌರಕ್ಕನ ಕೈ. ಮಧ್ಯಾಹ್ನ ಘಟಕದಲ್ಲಿ ಮಹಾಂತಯ್ಯನವರ ಎಲೆಗೆ ಹೋಳಿಗೆ, ತುಪ್ಪ, ಬದನೆಕಾಯಿ ಎಣ್ಣೆಗಾಯಿ, ಮೇಲೆ ಕೆನೆಮೊಸರು ಬಂದವು. ಮೂರು ಗಂಟೆಗೆ ಸಾಹೇಬರು ಬೊಗಸೆ ತುಂಬ ಗೋವಿನಜೋಳ ಹಿಡಿದು ಅವರ ಮೂಗಿನ ಹತ್ತಿರ ತಂದರು.

"ತಿಂತೀರೇನ್ರಿ, ಅಯ್ನಾರ?"

ಮಹಾಂತಯ್ಯನವರು ಎದೆಯ ಲಿಂಗ ಮುಟ್ಟಿಕೊಂಡು ಆತ್ಮಸಾಕ್ಷಿಯನ್ನು ಕೇಳಿದರು. ಅದು ಆಗಲೇ ತೇಗಿತು.

"ಒಲ್ಲೆರಿ."

"ತ್ಯಾಜ್ಯ," ಎಂದು ಸಾಹೇಬರು ಮುದ್ರೆ ಒತ್ತಿದರು. ಲಾರಿ ಒಳಗೆ ಹೋಯಿತು. ಅಂದಿನಿಂದ ಇಂದಿನವರೆಗೆ ಒಂದು ದೂರೂ ಬಂದಿಲ್ಲ. ಸೋಮವಾರ ಮಾತ್ರ ಘಟಕಕ್ಕೆ ರಜೆ.

ಕೇಳಿದವರು ಇದನ್ನು ಇನ್ನೊಬ್ಬರ ಕಿವಿಗೆ ಹಾಕಬೇಕು. ಆದರೆ ಊಟಕ್ಕೆ ಮುಂಚೆಯೇ ಹೇಳಿರಿ. ಉಂಡವರಿಗೆ ಹೇಳಿದರೆ, ಮೂಸಿ ಬಿಟ್ಟಾರು.