ಕೆರೆಯದೋ ಹೊಳೆಯದೋ ಆ ಕೆಂಪು ಏರೋಪ್ಲೇನ್ ಚಿಟ್ಟೆ

ನಮ್ಮ ಮಾವನ ಜೊತೆ ಒಂದು ಪೂಜೆಗೋ ಬಾರ್ಬೆಕ್ಯೂಗೋ ಹೋಗಿ, ಮಾನ ಉಳಿಸಿಕೊಂಡು ಮನೆಗೆ ಬಂದವರು ಆಕ್ಲೆಂಡಿನಲ್ಲಿ ಯಾರಾದರೂ ಇದ್ದರೆ ಮುಂದೆ ಬನ್ನಿ, ನಾನೇ ಹಾರ ಹಾಕುತ್ತೇನೆ!

ಮಾವ ಎಂದರೆ ನನ್ನ ಗಂಡನ ಅಪ್ಪ. ಮೂಲ ಧಾರವಾಡದವರು. ಆಯುಷ್ಯವೆಲ್ಲ ಜಾಂಬಿಯಾದ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ, ಕೊನೆಗೆ ಅತ್ತೆಯನ್ನು ಕರೆದುಕೊಂಡು ಹಿಲ್ಸ್‌ಬರೋದ ನಮ್ಮ ಮನೆಗೆ ಬಂದರು. ತಪ್ಪು ಕಿವಿಗೆ ಬಿದ್ದರೆ ತಿದ್ದದೆ ಅವರಿಗೆ ಊಟ ಇಳಿಯುವುದಿಲ್ಲ. ಗಣೇಶ ಹಬ್ಬದ ದಿನ ಪೂಜೆ ಮಾಡಿಸುವವರು ಮಂತ್ರದ ನಡುವೆ ಉಸಿರೆಳೆದುಕೊಂಡಿದ್ದೇ ತಡ, "ಆಚಾರ್ರ, ಆನಿ ಸೊಂಡಿಲಿನ್ಯಾಗ ಎಲುಬು ಇರಂಗಿಲ್ಲ. ನಿಮ್ಮ ಮೂರ್ತಿ ಸೊಂಡಿಲು ಮುರದಂಗ ಕಾಣಸ್ತದ" ಎಂದುಬಿಟ್ಟರು! ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನಾನು ಕೆಲಸ ಮಾಡುವ ಪೆನ್‌ರೋಸಿನ ಗೋದಾಮಿನ ಮ್ಯಾನೇಜರ್, ಪಾಪ, ಬಾರ್ಬೆಕ್ಯೂಗೆ ಕರೆದವನು, ಜೇಡವನ್ನು ಕೀಟ ಅಂದ. ಸಾಸೇಜು ಕರಕಲಾಗುವ ತನಕ ಮಾವ ಅವನಿಗೆ ಜೇಡದ ಕಾಲು ಎಣಿಸಿ ತೋರಿಸಿದರು. ಸೋಮವಾರ ನಾನು ಆಫೀಸಿಗೆ ಯಾವ ಮುಖ ಹೊತ್ತು ಹೋಗಲಿ, ನೀವೇ ಹೇಳಿ?

ಇಂಥವರ ಕೈಗೆ ಒಂದು ಹಳೆಯ ಫೋಟೋ ಸಿಕ್ಕಿತು. ಮದುವೆಯಾದ ಹೊಸತರಲ್ಲಿ ಜಾಂಬಿಯಾದಲ್ಲಿ ತೆಗೆದದ್ದು. ಅತ್ತೆ ಬಂಡೆಯ ಮೇಲೆ ಕೂತು ನಗುತ್ತಿದ್ದಾರೆ. ಅವರ ಛತ್ರಿಯ ತುದಿಯಲ್ಲಿ ಒಂದು ಕೆಂಪು ಏರೋಪ್ಲೇನ್ ಚಿಟ್ಟೆ. ನೀರು ಮಾತ್ರ ಎಲ್ಲೂ ಕಾಣುವುದಿಲ್ಲ.

"ಅದು ಹೊಳಿ ದಂಡಿ" ಎಂದರು ಅತ್ತೆ.

"ಕೆರಿ ದಂಡಿ!" ಎಂದರು ಮಾವ. "ಬೇಕಾದ್ರ ಆ ಹುಳಾನ ಸಾಕ್ಷಿ ಹೇಳ್ತದ. ನಮ್ಮ ಸಾಲಿ ಹತ್ರ ಇಂಥಾ ಕೆಂಪನೂವು ಎರಡು ಜಾತಿ ಇದ್ದವು. ಹೊಟ್ಟಿ ಅಗಲ ಇದ್ದದ್ದು ನಿಂತ ನೀರಿಂದು. ಹೊಟ್ಟಿ ಸಣ್ಣ ಇದ್ದು, ರೆಕ್ಕಿ ಬುಡಕ್ಕ ದೊಡ್ಡ ಕಿತ್ತಳಿ ಮಚ್ಚಿ ಇದ್ದದ್ದು ಹರಿಯೋ ನೀರಿಂದು."

ಆದರೆ ಫೋಟೋದಲ್ಲಿ ಹೊಟ್ಟೆಯೂ ಮಸುಕು, ರೆಕ್ಕೆಯೂ ಮಸುಕು. ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ! ಚಹಾಕ್ಕೆ ಬಂದವರ ಕೈಗೆಲ್ಲ ಭೂತಗನ್ನಡಿ. "ಹೊಟ್ಟಿ ನೋಡ್ರಿ, ಹೊಟ್ಟಿ!" ಬಂದವರು ಮುಜುಗರದಿಂದ ತಮ್ಮ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು.

ತಕಾನಿನಿಯಲ್ಲಿ ಗೆಳತಿಯ ಹೊಸ ಮನೆಯ ಗೃಹಪ್ರವೇಶದ ದಿನ ಮಾವ ಊಟದ ಹೊತ್ತಿಗೆ ಕಾಣೆಯಾದರು. ಬಡಾವಣೆಯ ಮಳೆನೀರಿನ ಹೊಂಡದಲ್ಲಿ, ಧೋತರ ಎತ್ತಿ ಕಟ್ಟಿ, ಮೊಣಕಾಲು ಮಟ್ಟ ನೀರಿನಲ್ಲಿ ನಿಂತಿದ್ದರು. ಕೈಯಲ್ಲಿ ಗೆಳತಿಯ ಹೊಸ ಛತ್ರಿ. ನಿಂತ ನೀರಿನ ಚಿಟ್ಟೆ ಛತ್ರಿಯ ಮೇಲೆ ಹೇಗೆ ಕೂರುತ್ತದೆ ಎಂಬ ಪರೀಕ್ಷೆಯಂತೆ! ದಾರಿಯಲ್ಲಿ ಪಿಕಪ್ ಗಾಡಿ ನಿಲ್ಲಿಸಿದ ಒಬ್ಬ ನ್ಯೂಜಿಲೆಂಡಿಗ, "ಯೂ ಆಲ್‌ರೈಟ್, ಮೇಟ್?" ಎಂದು ಕೂಗಿದ. ಮಾವ ತಿರುಗದೆಯೇ, "ಗದ್ದಲ ಮಾಡಬ್ಯಾಡೋ, ಈಗ ಬಂದು ಕೂಡ್ತದ" ಎಂದರು, ಅಚ್ಚ ಕನ್ನಡದಲ್ಲಿ. ಅತಿಥಿಗಳೆಲ್ಲ ಹೋಳಿಗೆ ತಟ್ಟೆ ಹಿಡಿದು ಬೇಲಿಯ ಬಳಿ ಸಾಲುಗಟ್ಟಿದ್ದರು. ಆ ಹೊಂಡ ಇನ್ನೂ ಸ್ವಲ್ಪ ಆಳವಿದ್ದರೆ ನಾನೇ ಹಾರುತ್ತಿದ್ದೆ!

ನಾಚಿಕೆಯಲ್ಲಿ ಮುಳುಗಿದ್ದ ನನಗೆ ಅತ್ತೆಯ ಕಡೆ ಗಮನವಿರಲಿಲ್ಲ. ಅವರಿಗೆ ಮರೆವು ಶುರುವಾಗಿತ್ತು. ಒಲೆಯ ಮೇಲಿನ ಹಾಲು, ನನ್ನ ಹೆಸರು, ದಿನ, ವಾರ. ತಪ್ಪಿದಾಗಲೆಲ್ಲ ನಾವು ಯಾರಾದರೊಬ್ಬರು ತಿದ್ದುತ್ತಿದ್ದೆವು. "ಹೌದೇನು?" ಎಂದು ಅವರು ಒಪ್ಪಿಕೊಂಡುಬಿಡುತ್ತಿದ್ದರು. ಫೋಟೋ ವಿಷಯದಲ್ಲಿ ಮಾತ್ರ ಹೊಳೆಯ ಪಟ್ಟು ಬಿಟ್ಟಿರಲಿಲ್ಲ.

ಕೊನೆಗೆ ಮಾವ ಫೋಟೋ ಸ್ಕ್ಯಾನ್ ಮಾಡಿಸಿ, ಹಿಗ್ಗಿಸಿ, ಮಸುಕು ತೆಗೆಸಿ ದಕ್ಷಿಣ ಆಫ್ರಿಕಾದ ಒಬ್ಬ ಕೀಟತಜ್ಞರಿಗೆ ಕಳಿಸಿದರು. ಉತ್ತರ ಬಂದ ದಿನವೇ ಅತ್ತೆ ಹಾಲು ತರಲು ಮೂಲೆಯ ಡೈರಿಗೆ ಹೋದವರು ದಾರಿ ತಪ್ಪಿದರು. ಪಕ್ಕದ ಮನೆಯಾಕೆ ಕೈಹಿಡಿದು ಕರೆತಂದಳು. ಅತ್ತೆ ಸೋಫಾದ ಅಂಚಿನಲ್ಲಿ, ಬೇರೆ ಯಾರದೋ ಮನೆಗೆ ಬಂದವರ ಹಾಗೆ, ನೆಲ ನೋಡುತ್ತ ಕೂತರು.

"ನನಗೇನೂ ನೆನಪ ಉಳಿವಲ್ತು. ನಿಮ್ಗೆಲ್ಲಾ ನಾಚಿಕಿ ತರ್ತೀನಿ" ಎಂದರು.

ಅವರ ಮನಸ್ಸು ಬೇರೆಡೆ ತಿರುಗಲೆಂದು ನಾನು ಕಂಪ್ಯೂಟರ್ ತೆರೆದೆ. ತಜ್ಞರ ಉತ್ತರ ಎದುರಿಗಿತ್ತು. ಅಗಲ ಹೊಟ್ಟೆ, ಹಿಂದಿನ ರೆಕ್ಕೆಯ ಬುಡದಲ್ಲಿ ಚಿಕ್ಕ ಹಳದಿ ಮಚ್ಚೆ. ಅನುಮಾನವೇ ಬೇಡ: ಕೆರೆ, ಜೌಗು, ನಿಂತ ನೀರಿನ ಜಾತಿ. ಮಾವ ನನ್ನ ಹೆಗಲ ಮೇಲಿಂದ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ಇನ್ನು ವಿಜಯೋತ್ಸವವೇ ಎಂದು ನಾನು ಹಲ್ಲು ಕಚ್ಚಿದೆ.

"ಏನ ಬರದಾರ?" ಅತ್ತೆ ತಲೆಯೆತ್ತದೆ ಕೇಳಿದರು.

"ಹೊಳೀದಂತ" ಎಂದರು ಮಾವ. "ಹರಿಯೋ ನೀರಿನ ಹುಳಾ. ನೀ ಹೇಳಿದ್ದ ಖರೆ."

ನಾನು ಮೆಲ್ಲಗೆ ಪರದೆ ಆರಿಸಿದೆ.

ಅತ್ತೆ ತಲೆಯೆತ್ತಿದರು. "ಮತ್ತ! ನೀರಿನ ಸಪ್ಪಳಕ್ಕ ನಿಮ್ಮ ಮಾತಽ ಕೇಳಸ್ತಿದ್ದಿಲ್ಲ."

ಮಾವ ಅವರ ಪಕ್ಕಕ್ಕೆ ಹೋಗಿ ಕೂತರು. "ಇನ್ನೂ ಏನೇನ್ ನೆನಪದ, ಹೇಳು."

ಅತ್ತೆ ಕಾಲು ಮಡಚಿ ಸೋಫಾದ ಒಳಕ್ಕೆ ಸರಿದು ಹೇಳತೊಡಗಿದರು. ಮಾವ "ಹೂಂ, ಹೂಂ" ಎನ್ನುತ್ತ ಕೇಳುತ್ತಿದ್ದರು.