ಷಡ್ಡಕರ ಅಸಲಿ ಬಣ್ಣ

ಶ್ರಾವಣದ ಎರಡನೇ ಶುಕ್ರವಾರ, ಬೆಳಗಿನ ಆರು ಗಂಟೆ. ಸ್ಥಳ: ದೋರನಹಳ್ಳಿಯಲ್ಲಿ ನನ್ನ ಷಡ್ಡಕರ ಮನೆಯ ಹಿತ್ತಲು. ಹಾಜರಿದ್ದವರು: ನಾನು, ನನ್ನ ನಾದಿನಿ, ಅವಳ ಮಗಳು, ಬಿಸಿನೀರಿನ ಹಂಡೆ, ಸಾಬೂನು, ಕಡಲೆಹಿಟ್ಟು, ನಿಂಬೆಹಣ್ಣು, ತೆಂಗಿನ ನಾರು. ಗೈರುಹಾಜರು: ಷಡ್ಡಕರ ಮೈಬಣ್ಣ.

ಷಡ್ಡಕರೆಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಅವರ ಅಸಲಿ ಬಣ್ಣ ಕಪ್ಪೋ, ಕೆಂಪೋ, ಗೋಧಿಯೋ ಎಂಬುದನ್ನು ಕಂಡವರು ಈ ಭೂಮಿಯ ಮೇಲೆ ಯಾರೂ ಇಲ್ಲ! ಸ್ವತಃ ನಾದಿನಿಯನ್ನು ಕೇಳಿದರೂ, "ನನಗೇನ್ ಗೊತ್ರಿ ಮಾವಾ? ತಾಳಿ ಕಟ್ಟೋವಾಗನೇ ಹಳದಿ ಇದ್ರು" ಎನ್ನುತ್ತಾಳೆ. ಎಲ್ಲ ಮದುಮಕ್ಕಳ ಅರಿಷಿಣ ನಾಲ್ಕು ದಿನಕ್ಕೆ ಇಳಿಯುತ್ತದೆ. ಇವರದು ಮಗಳು ಮದುವೆಗೆ ಬಂದರೂ ಇಳಿದಿಲ್ಲ!

ಕಾಲುವೆಗೆ ನೀರು ಬಂದ ಮೇಲೆ ನಮ್ಮ ಕಡೆ ಊರಿಗೆ ಊರೇ ಜೋಳ ಬಿಟ್ಟು ಭತ್ತಕ್ಕೆ ತಿರುಗಿತು. ಇವರೂ ತಿರುಗಿದರು, ಆದರೆ ನೀರು ನಿಲ್ಲದ ಎತ್ತರದ ಮೂಲೆಯಲ್ಲಿ ಒಂದು ಮಡಿ ಅರಿಷಿಣ ಹಾಕಿಯೇ ಹಾಕಿದರು. "ಎಲ್ಲಾರೂ ಹೊಟ್ಟಿಗೆ ಬೆಳೀತಾರ್ರಿ ಮಾಸ್ತರ. ಮೈಗೆ ಬೆಳೆಯೋರು ಯಾರು?" ಎಂಬುದು ಅವರ ಪ್ರಶ್ನೆ. ಅಗೆದು, ಕುದಿಸಿ, ಒಣಗಿಸಿ, ಕುಟ್ಟಿ, ವಸ್ತ್ರದಲ್ಲಿ ಸೋಸಿ ಡಬ್ಬಿ ತುಂಬುತ್ತಾರೆ. ಆಮೇಲೆ ಆ ಡಬ್ಬಿಯಿಂದ ತಪ್ಪಿಸಿಕೊಂಡವರಿಲ್ಲ. ಕೆಮ್ಮಿದರೆ ಹಾಲಿಗೆ ಅರಿಷಿಣ. ಎಡವಿದರೆ ಹೆಬ್ಬೆರಳಿಗೆ ಅರಿಷಿಣ. ಎಮ್ಮೆಯ ಕೋಡಿಗೆ, ಹೊಸ್ತಿಲಿಗೆ, ಹೊಸ ಪಂಪ್‌ಸೆಟ್ಟಿಗೆ ಅರಿಷಿಣ. ಹೊಸ ಬಟ್ಟೆಯ ತುದಿಗೆ ಒಂದು ಬೊಟ್ಟು ಹಚ್ಚಿ ಉಡುವುದು ನಮ್ಮೆಲ್ಲರ ಪದ್ಧತಿ. ಇವರು ತುದಿಯಲ್ಲಿ ಶುರು ಮಾಡಿದರೆ ಕಾಲರಿನಲ್ಲಿ ನಿಲ್ಲಿಸುತ್ತಾರೆ!

ಪ್ರಶ್ನೆ ಮಾಡಿದಿರೋ, "ಆಯುರ್ವೇದದಾಗ ಬರದಾರ" ಎಂಬ ಉತ್ತರ ತಯಾರಾಗಿರುತ್ತದೆ.

"ನೀವು ಓದೀರೇನು?" ಎಂದು ಒಮ್ಮೆ ಕೇಳಿದೆ.

"ಓದೋದ್ಯಾಕ್ರಿ? ಆಯುರ್ವೇದದ ಹಳೇ ಪುಸ್ತಕ ಯಾವ್ದರೆ ತಗೀರಿ, ಹಾಳಿ ಹಳದಿ ಇರ್ತಾವೋ ಇಲ್ಲೋ? ಯಾಕ ಹೇಳ್ರಿ?"

ಇದಕ್ಕೆ ನೀವಾದರೂ ಏನು ಹೇಳುತ್ತೀರಿ?

ನಾನು ಬೋರ್ಡಿಂಗಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವನು. ಮುಂದೆ ಯಾದಗಿರಿಯಲ್ಲಿ ಡ್ರಿಲ್ ಮಾಸ್ತರನಾದೆ. ಬಿಳಿ ಅಂಗಿ, ಬಿಳಿ ಪ್ಯಾಂಟು, ಕೊರಳಲ್ಲಿ ಸೀಟಿ. ಒಂದು ಸಲ ಷಡ್ಡಕರು ನಮ್ಮ ಮನೆಗೆ ಬಂದು ರಾತ್ರಿ ಉಳಿದರು. ಅವರ ಟವೆಲು ನನ್ನ ಬಟ್ಟೆಯ ಬಕೆಟ್ಟಿಗೆ ಬಿತ್ತು. ಮರುದಿನ ಮೈದಾನದಲ್ಲಿ ನಾನು "ಸಾವಧಾನ್!" ಎಂದು ಕೂಗಿದೆ. ಸಾಲು ನಿಂತಿತು. ಹಿಂದಿನಿಂದ ಒಂದು ಧ್ವನಿ ಬಂತು: "ಸರ್, ಲಗ್ನ ಯಾವಾಗ್ರಿ?"

ಆ ದಿನ ನನ್ನ ಸೀಟಿಗೆ ಯಾರೂ ಬೆಲೆ ಕೊಡಲಿಲ್ಲ.

ಇನ್ನೊಮ್ಮೆ ಜ್ವರ ಬಂದು ಇವರು ಶಹಾಪುರದ ದವಾಖಾನೆಗೆ ಹೋದರು. ಬಾಗಿಲಲ್ಲೇ ನರ್ಸಮ್ಮ ಓಡಿ ಬಂದು ಮಲಗಿಸಿದಳು. ಮೈ, ಕಣ್ಣು ಹಳದಿಯಾಗುವ ರೋಗಕ್ಕೆ ನಮ್ಮಲ್ಲಿ ಕಾಮಣಿ ಎನ್ನುತ್ತಾರೆ. ಇದು ಭಾರಿ ಕಾಮಣಿಯೇ ಎಂದು ಅವಳ ಗಾಬರಿ. ಹೊಸದಾಗಿ ಬಂದಿದ್ದ ಎಳೆಯ ಡಾಕ್ಟರು ಕಣ್ಣರೆಪ್ಪೆ ಎಳೆದು ನೋಡಿದರು. ಬೆಳ್ಳಗಿತ್ತು. ಮೈ ನೋಡಿದರು. ಹಳದಿ! ಮತ್ತೆ ಕಣ್ಣು, ಮತ್ತೆ ಮೈ. ಕೊನೆಗೆ ಸೂಜಿ ಚುಚ್ಚಲು ತೋಳನ್ನು ಹತ್ತಿಯಿಂದ ಒರೆಸಿದರು. ಹತ್ತಿ ಹಳದಿಯಾಯಿತು. ಷಡ್ಡಕರು ಮಲಗಿದಲ್ಲಿಂದಲೇ ಕೇಳಿದರಂತೆ: "ಹತ್ತಿಗೂ ಕಾಮಣಿ ಬಂತೇನ್ರಿ ಡಾಕ್ಟರ?"

ನಗು ಇರಲಿ. ಆ ಶುಕ್ರವಾರ ನಗುವ ದಿನವಾಗಿರಲಿಲ್ಲ. ಸುರಪುರದ ಕಡೆಯಿಂದ ಮಗಳನ್ನು ನೋಡಲು ಬರುವವರಿದ್ದರು. ಹೋದ ವರ್ಷ ಬೇರೆ ಯಾರೋ ನೋಡಲು ಬಂದು, ಷಡ್ಡಕರ ಮುಖ ಕಂಡು, ಚಹಾ ಕೂಡ ಮುಟ್ಟದೆ ಎದ್ದಿದ್ದರು. ಹುಡುಗಿಯ ಅಪ್ಪನಿಗೆ ಕಾಮಣಿ, ಮನೆತನಕ್ಕೇ ಇರಬೇಕು ಎಂದು ಸುದ್ದಿ ಹಬ್ಬಿತು. ಆಗ ಮಗಳು ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಈ ಸಲ ನಗುತ್ತಿರಲಿಲ್ಲ. ಈ ಹುಡುಗ ಶಹಾಪುರದಲ್ಲಿ ಅವಳ ಜೊತೆಗೇ ಬಿ.ಎಡ್. ಓದಿದವನು. ಅವಳಿಗೆ ಇವನೇ ಬೇಕು.

"ಇದೊಂದು ದಿನ ಅಪ್ಪಾ" ಎಂದಳು.

"ನಿನ್ನ ಸಲುವಾಗಿ ಅಸಲಿ ಬಣ್ಣಕ್ಕ ಬರ್ತೀನಿ, ನಡಿಯವ್ವಾ" ಎಂದು ಷಡ್ಡಕರು ಹಿತ್ತಲಿನ ಕಲ್ಲಿನ ಮೇಲೆ ಕೂತರು. ಉಸ್ತುವಾರಿ ನನ್ನದು. ಸಾಬೂನು ಆಯಿತು, ಕಡಲೆಹಿಟ್ಟು ಆಯಿತು, ನಿಂಬೆಹಣ್ಣೂ ಆಯಿತು. ನಾದಿನಿ ವರ್ಷಗಳ ಸಿಟ್ಟನ್ನೆಲ್ಲ ತೆಂಗಿನ ನಾರಿಗೆ ಹಾಕಿ ಉಜ್ಜಿದಳು. ಬಣ್ಣ ಹೋಯಿತೇ? ಹಿತ್ತಾಳೆಯ ಚರಿಗೆ ತಿಕ್ಕಿದಂತೆ ಇನ್ನಷ್ಟು ಹೊಳಪು ಬಂತು!

ಕೊನೆಗೆ ತುಂಬುತೋಳಿನ ಅಂಗಿ ತೊಡಿಸಿ ನಾನು ಹುಕುಂ ಹೊರಡಿಸಿದೆ. ಕೈ ಹಿಂದೆ. ಮಾತು ಕಡಿಮೆ. ಆಯುರ್ವೇದ ಅನ್ನಬಾರದು.

ಅತಿಥಿಗಳು ಬಂದರು. ಹುಡುಗ, ಅವನ ತಾಯಿ, ಅವನ ಸೋದರಮಾವ. ಹುಡುಗ ಬಾಗಿಲ ಕಡೆಗೇ ನೋಡುತ್ತ ಕೂತ. ತಾಯಿ ಚಾಪೆಯ ಅಂಚಿಗೆ ಕೂತು ಕಾಲನ್ನು ಸೀರೆಯೊಳಗೆ ಸರಿಸಿಕೊಂಡಳು. ಮಾತೆಲ್ಲ ಸೋದರಮಾವನದೇ. ಎಲ್ಲ ಸುಸೂತ್ರ ನಡೆದಿತ್ತು. ಆದರೆ ಶ್ರಾವಣದ ಸೆಕೆ! ಷಡ್ಡಕರು ಬೆವೆತರು. ನೋಡನೋಡುತ್ತಿದ್ದಂತೆ ಬಿಳಿ ಕಾಲರು ಹಳದಿಯಾಯಿತು, ಆಮೇಲೆ ಎದೆ, ಆಮೇಲೆ ಬೆನ್ನು.

ಸೋದರಮಾವ ಚಹಾದ ಬಟ್ಟಲು ಕೆಳಗಿಟ್ಟ. "ಅಲ್ರಿ ಯಜಮಾನ್ರ, ಕಾಮಣಿ ಆಗಿ ಎಷ್ಟು ದಿನ ಆತು?"

ಷಡ್ಡಕರು ನನ್ನ ಮುಖ ನೋಡಿದರು. ನಾನು, "ಅದು ಅರಿಷಿಣ ರಿ, ಬರೇ ಅರಿಷಿಣ" ಎಂದೆ.

"ಹಿಂಗ ಹೇಳೋರನ್ನ ಭಾಳ ನೋಡೀನ್ರಿ. ಏಳವ್ವ ತಂಗಿ, ಬಸ್ಸಿಗೆ ಹೊತ್ತಾತು" ಎಂದು ಅವನು ಹೊರಗೆ ಹೋಗಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ. ಹುಡುಗ, "ಮಾವಾ, ಜರಾ ತಡೀರಿ" ಎಂದರೂ ಕೇಳಲಿಲ್ಲ. ಅಡುಗೆಮನೆಯಲ್ಲಿ ಬಳೆಯ ಸದ್ದು ನಿಂತಿತು.

ತಾಯಿ ಗೋಡೆ ಹಿಡಿದು ಎದ್ದಳು. ಎದ್ದವಳು "ಸ್ಸ್..." ಎಂದಳು. ಆಗ ಅವಳ ಕಾಲು ಕಂಡಿತು. ಬೆರಳ ಸಂದುಗಳೆಲ್ಲ ಬೆಳ್ಳಗೆ ನೆನೆದು, ಸೀಳಿ, ಒಳಗೆ ಕೆಂಪಾಗಿ ಕಾಣುತ್ತಿತ್ತು.

ಷಡ್ಡಕರು ನನ್ನ ಹುಕುಂ ಅಷ್ಟನ್ನೂ ಮರೆತರು. "ನಾಟಿ ಹಚ್ಚಾಕ ಹೋಗ್ತೀರೇನವ್ವಾ?"

"ಹೌದ್ರಿ. ಕಾಲುವಿಗೆ ನೀರು ಬಿಟ್ಟಾಗಿನಿಂದ ದಿನಾ ಕೆಸರಾಗ ನಿಂತು ನಿಂತು ಹಿಂಗಾಗ್ಯಾವ."

ಅವರು ಒಳಗೆ ಓಡಿದರು. ಕುಸುಬೆ ಎಣ್ಣೆ ಬೆಚ್ಚಗೆ ಮಾಡಿ, ಅರಿಷಿಣ ಕಲೆಸಿ, ಬಟ್ಟಲು ಹಿಡಿದು ಬಂದು ಅವಳೆದುರು ಕುಕ್ಕರುಗಾಲಿನಲ್ಲಿ ಕೂತರು. ಅವಳು ಹೌಹಾರಿ ಹಿಂದೆ ಸರಿದಳು.

"ಅಯ್ಯ, ಬ್ಯಾಡ್ರಿ ಅಣ್ಣಾ! ಗಂಡ ಇಲ್ಲದಾಕಿ ನಾನು. ನನ್ನ ಕಾಲಿಗೆ ಅರಿಷಿಣ ಹಚ್ಚಬಾರದು."

ಮುತ್ತೈದೆಯರ ಕಾಲಿಗೆ ಅರಿಷಿಣ ಹಚ್ಚಿ ಉಡಿ ತುಂಬುವ ಶುಕ್ರವಾರ ಅದು. ಷಡ್ಡಕರು ತಲೆಯೆತ್ತಿ ಅವಳನ್ನೇ ನೋಡಿದರು.

"ಹುಣ್ಣಿಗೆ ಗೊತ್ತದ ಏನವ್ವಾ, ನಿನ್ನ ಗಂಡ ಇಲ್ಲಂತ?"

ಅಷ್ಟರಲ್ಲಿ ಮಗಳು ಒಳಗಿನಿಂದ ಬಂದಳು. "ಕೊಡಪ್ಪಾ ಇಲ್ಲಿ. ನೀ ಹಚ್ಚಿದ್ರ ಸೀರಿನೂ ಹಳದಿ ಮಾಡ್ತಿ" ಎಂದು ಬಟ್ಟಲು ಕಸಿದುಕೊಂಡು ನೆಲಕ್ಕೆ ಕೂತಳು. ಆ ತಾಯಿಯನ್ನು ಕೈ ಹಿಡಿದು ಕೂರಿಸಿ, ಒಂದು ಪಾದವನ್ನು ತನ್ನ ಮಡಿಲಿಗೆ ಎತ್ತಿಕೊಂಡಳು. ನೋಡಲು ಬಂದವರಿಗೆಂದು ಉಟ್ಟ ಹೊಸ ಸೀರೆ! ಅದರ ಕಡೆ ಲಕ್ಷ್ಯವಿಲ್ಲ. ಒಣ ಬಟ್ಟೆಯಿಂದ ಒತ್ತಿ, ಒಂದೊಂದೇ ಬೆರಳು ಬಿಡಿಸಿ, ಸಂದಿಗೆಲ್ಲ ಹಚ್ಚತೊಡಗಿದಳು.

"ಉರೀತಾವೇನ್ರಿ?"

"ಇಲ್ಲ ಮಗಳ. ತಣ್ಣಗಾಗಾಕತ್ತದ" ಎಂದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡನೇ ಕಾಲನ್ನು ತಾನಾಗಿಯೇ ಮುಂದೆ ಚಾಚಿದಳು. ಆಮೇಲೆ ಬಾಗಿಲಾಚೆ ಒಂಟಿ ಚಪ್ಪಲಿಯಲ್ಲಿ ನಿಂತಿದ್ದವನ ಕಡೆ ತಿರುಗಿ, "ಅಣ್ಣಾ, ಚಪ್ಪಲಿ ಬಿಡು. ಒಳಗ ಬಂದು ಕುಂಡ್ರು" ಎಂದಳು.

ಅವನು ಬಿಟ್ಟ. ಬಂದು ಕೂತ. ಆರಿದ ಚಹಾವನ್ನು ಕುಡಿದ. ಷಡ್ಡಕರು ಅಂಗಿಯ ತೋಳು ಮೇಲೇರಿಸಿ, "ಆಯುರ್ವೇದದಾಗ ಬರದಾರ್ರಿ..." ಎಂದು ಶುರು ಮಾಡಿದರು. ನಾನು ತಡೆಯಲಿಲ್ಲ.

ಊಟವಾಗಿ, ಸುರಪುರದ ಬಸ್ಸಿಗೆ ಇನ್ನೇನು ಹೊರಡಬೇಕು ಎನ್ನುವಾಗ ಷಡ್ಡಕರು ಆ ಎಣ್ಣೆಯನ್ನೇ ಒಂದು ಬಾಟಲಿಗೆ ತುಂಬಿ ತಂದರು. ಚೀಟಿಯಿಲ್ಲದ ಬಾಟಲಿ ಮನೆಯಿಂದ ಹೊರಡುವುದು ನನಗೆ ಸೇರುವುದಿಲ್ಲ. ಕಾಗದ ಹರಿದು ಬರೆದೆ: ಕಾಲು ತೊಳೆದು, ಒರೆಸಿ, ಹಚ್ಚಬೇಕು. ಗುಣವಾಗದಿದ್ದರೆ ದವಾಖಾನೆಗೆ ತೋರಿಸಬೇಕು.

"ಕೊನೀ ಸಾಲು ಯಾಕ್ರಿ ಮಾಸ್ತರ?" ಎಂದು ಷಡ್ಡಕರು ತಕರಾರು ತೆಗೆದರು.

"ಇರಲಿ. ಮ್ಯಾಲ ಹೆಸರು ಏನಂತ ಬರೀಲ್ರಿ?" ಎಂದು ಹುಡುಗನ ತಾಯಿಯನ್ನು ಕೇಳಿದೆ.

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯನ್ನು ಒಂದು ಗಳಿಗೆ ನೋಡಿದಳು.

"ಬೀಗತಿ ಅಂತ ಬರೀರಿ."

ದುಂಡಗೆ ಬರೆದೆ. ಅನ್ನದ ಅಗುಳಿನಿಂದ ಚೀಟಿ ಅಂಟಿಸಿ, ಊದಿ ಆರಿಸಿ, ಬಾಟಲಿಯನ್ನು ಅವಳ ಕೈಗೆ ಕೊಟ್ಟೆ.