ಐದೂವರೆ ಸುತ್ತು ಬಿಳಿ ಟೇಪು

"ಮನುಷ್ಯರು ಸುಳ್ಳು ಹೇಳ್ತಾರೆ, ಮೀಟರ್ ಹೇಳಲ್ಲ. ಅದೂ ಹೇಳಿದ್ರೆ ಅದರ ನಾಲಿಗೆ ಹಿಡಿದು ನೆಟ್ಟಗೆ ಮಾಡೋಕೆ ನಾನಿದೀನಿ" ಎಂದು ಮೀಟರಪ್ಪನವರು ಆ ಶನಿವಾರ ಬೆಳಿಗ್ಗೆ ಊಟದ ಮೇಜಿನ ಮುಂದೆ ನಿಂತು ಘೋಷಿಸಿದರು. ಕೇಳುವುದಕ್ಕೆ ಇದ್ದವರು ಹೆಂಡತಿ ಒಬ್ಬರೇ. ಆದರೂ ದನಿ ಮಾತ್ರ ಸಾವಿರ ಜನರ ಸಭೆಗೆ ಸಾಲುವಷ್ಟಿತ್ತು.

ಮೀಟರಪ್ಪ ಎಂಬುದು ಕಾರ್ಖಾನೆಯವರು ಇಟ್ಟ ಹೆಸರು. ಮೂವತ್ತೊಂದು ವರ್ಷದಿಂದ ಬಾಯ್ಲರ್ ವಿಭಾಗದಲ್ಲಿ ಹಬೆಯ ಒತ್ತಡ ತೋರಿಸುವ ಮೀಟರುಗಳನ್ನು ಬಿಚ್ಚಿ, ತೊಳೆದು, ಮುಳ್ಳು ಸರಿಪಡಿಸಿ ಮತ್ತೆ ಕೂರಿಸುವುದು ಅವರ ಕೆಲಸ. ಕೂರಿಸುವ ಮುಂಚೆ ತಿರುಪಿನ ಸುತ್ತ ತೆಳ್ಳಗಿನ ಬಿಳಿ ಟೇಪು ಸುತ್ತಬೇಕು, ಇಲ್ಲದಿದ್ದರೆ ಹಬೆ ಸೋರುತ್ತದೆ. ಈ ಅಭ್ಯಾಸ ಅವರ ಬೆನ್ನುಹತ್ತಿ ಮನೆಗೂ ಬಂದಿತ್ತು. ಆ ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದ ದಾಖಲೆಯೇ ಇಲ್ಲ. ಕೆಮ್ಮಿನ ಔಷಧಿಯ ಬಾಟಲಿಗೂ ಟೇಪು ಸುತ್ತಿ ಮುಚ್ಚಳ ಹಾಕಿದ್ದರಿಂದ, ಅದನ್ನು ತೆರೆಯುವಷ್ಟರಲ್ಲಿ ಕೆಮ್ಮೇ ವಾಸಿಯಾಗುತ್ತಿತ್ತು.

ಅಂದಿನ ಘೋಷಣೆಗೆ ಕಾರಣ ಕಾರಿನ ಕಂಪನಿಯಿಂದ ಬಂದ ಒಂದು ಕಾಗದ. ಎಂಜಿನ್ನಿನ ಬಿಸಿಯನ್ನು ಅಳೆದು ಕಾರಿನ ಕಂಪ್ಯೂಟರಿಗೆ ಹೇಳುವ ಸೆನ್ಸರ್ ಕೆಲವು ಕಾರುಗಳಲ್ಲಿ ಕೆಟ್ಟಿದೆ. ಹಾಗೆ ಕೆಟ್ಟಿದ್ದರೆ ಎಂಜಿನ್ ಬಿಸಿಯಾದ ಮೇಲೆ ಗಾಡಿ ಜರ್ಕ್ ಹೊಡೆಯಬಹುದು, ನಿಲ್ಲಲೂಬಹುದು. ದಯವಿಟ್ಟು ಗಾಡಿ ತನ್ನಿ, ಪರೀಕ್ಷಿಸಿ ಬೇಕಾದರೆ ಬದಲಾಯಿಸಿ ಕೊಡುತ್ತೇವೆ, ತೊಂದರೆಗೆ ಕ್ಷಮೆಯಿರಲಿ ಎಂದು ಬರೆದಿತ್ತು.

ನರ್ಸಮ್ಮ, ಅಂದರೆ ಮೀಟರಪ್ಪನವರ ಹೆಂಡತಿ, ಆ ಕಾಗದವನ್ನು ಮೂರು ಸಲ ಓದಿದರು. ಮೂರನೇ ಸಲ ಬೆರಳಿಟ್ಟು ಓದಿದರು.

"ಬಿಸಿಯಾದ ಮೇಲೆ ಜರ್ಕ್ ಹೊಡೆಯತ್ತೆ ಅಂತ ಬರ್ದಿದಾರೆ. ನಾನು ಹೇಳ್ತಿದ್ದದ್ದೂ ಅದೇ ಅಲ್ವಾ?"

ಈ ಪ್ರಶ್ನೆಯ ಹಿಂದೆ ಐದು ತಿಂಗಳ ಸಂಕಟವಿತ್ತು. ನರ್ಸಮ್ಮ ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುವವರು. ಅವರ ಕೈ ಎಷ್ಟು ಹಗುರವೆಂದರೆ, ಸೂಜಿ ಚುಚ್ಚಿ ತೆಗೆದ ಮೇಲೂ "ಯಾವಾಗ ಚುಚ್ತೀರಮ್ಮ?" ಎಂದು ಕೇಳುವವರಿದ್ದರು. ಐವತ್ತೆರಡನೆಯ ವಯಸ್ಸಿನಲ್ಲಿ, ಮೊದಲ ಪರೀಕ್ಷೆಯಲ್ಲೇ ಡ್ರೈವಿಂಗ್ ಲೈಸೆನ್ಸ್ ಗಿಟ್ಟಿಸಿಕೊಂಡು, ಸೇತುವೆಯಾಚೆ ಹೊಸದಾಗಿ ಏಳು ಮನೆ ಒಪ್ಪಿಕೊಂಡಿದ್ದರು. ಒಂದು ತಿಂಗಳು ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ನಾಲ್ಕನೇ ಮನೆ ದಾಟುತ್ತಿದ್ದಂತೆ ಕಾರು ಬಿಕ್ಕಳಿಸತೊಡಗಿತು. ಒಂದು ದಿನ ಸೇತುವೆಯ ನಟ್ಟನಡುವೆ ನಿಂತೇಬಿಟ್ಟಿತು. ಹಿಂದಿನ ಗಾಡಿಗಳೆಲ್ಲ ಒಂದೇ ಶ್ರುತಿಯಲ್ಲಿ ಹಾರ್ನ್ ಬಾರಿಸಿದವು.

ಮೀಟರಪ್ಪನವರು ತನಿಖೆ ಕೈಗೊಂಡರು. ಭಾನುವಾರ ಕಾರು ಹತ್ತಿ, ಬೀದಿಯ ಕೊನೆಯ ಪೆಟ್ರೋಲ್ ಬಂಕಿನವರೆಗೆ ಹೋಗಿ ಬಂದರು. ಅಷ್ಟು ದೂರಕ್ಕೆ ಎಂಜಿನ್ ಬೆಚ್ಚಗಾಗುವುದೂ ಇಲ್ಲ. ಕಾರು ಬೆಣ್ಣೆಯಿಂದ ಕೂದಲು ತೆಗೆದಂತೆ ಓಡಿತು. ಇಳಿದವರೇ ತೀರ್ಪು ಕೊಟ್ಟರು.

"ಗಾಡಿಗೇನೂ ಆಗಿಲ್ಲ. ನಿನ್ನ ಕಾಲು ಭಾರ."

ಮೂವತ್ತೊಂದು ವರ್ಷ ಅಳತೆಯಲ್ಲೇ ಕಳೆದ ಮನುಷ್ಯ ಹೇಳಿದರೆ ನಂಬದೆ ಇರುವುದು ಹೇಗೆ? ನರ್ಸಮ್ಮ ನಂಬಿದರು. ಏಳು ಮನೆಗಳನ್ನೂ ಕೈಬಿಟ್ಟರು. ಕಾರಿನ ಕೀಲಿ ಮೊಳೆಗೆ ಹೋಯಿತು. ಆ ಮೊಳೆಯ ಮುಂದೆ ಹಾಯುವಾಗೆಲ್ಲ ಅವರು ಮುಖ ಬೇರೆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದರು.

ಈಗ ಮೀಟರಪ್ಪನವರು ಎದೆ ಮೇಲೆ ಕೈಯಿಟ್ಟುಕೊಂಡರು. "ನೋಡು, ನಾನು ನ್ಯಾಯಸ್ಥ. ಆ ಸೆನ್ಸರ್ ಕೆಟ್ಟಿದೆ ಅಂತ ಸಾಬೀತಾದ್ರೆ, ವರ್ಕ್‌ಶಾಪಿನವರೆಲ್ಲರ ಎದುರಿಗೆ ನಿಂತು ನನ್ನ ತೀರ್ಪು ವಾಪಸ್ ತಗೊಳ್ತೀನಿ. ಸರಿ ಇದ್ರೆ ಮಾತ್ರ..."

"ಸರಿ ಇದ್ರೆ ನಾನು ಇನ್ನು ಸ್ಟಿಯರಿಂಗ್ ಮುಟ್ಟಲ್ಲ" ಎಂದು ನರ್ಸಮ್ಮ ಹೇಳಿ ಚೀಲ ಹೆಗಲಿಗೇರಿಸಿದರು.

ಎರಡು ಬೀದಿ ಆಚೆಯ ವರ್ಕ್‌ಶಾಪಿಗೆ ಮೀಟರಪ್ಪನವರೇ ಕಾರು ಓಡಿಸಿಕೊಂಡು ಹೋದರು, ಒಳಗೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಆಸ್ಪತ್ರೆಯಂಥ ನೆಲ, ಸಾಲಾಗಿ ಬಾನೆಟ್ ತೆರೆದು ನಿಂತ ಕಾರುಗಳು, ಒಂದೊಂದಕ್ಕೂ ಒಂದೊಂದು ಪರದೆ. ಕಪ್ಪು ಕೈಗವಸಿನ ಯುವತಿಯೊಬ್ಬಳು ಅವರ ಕಾರನ್ನು ಅರ್ಧ ಗಂಟೆ ಓಡಿಸಿ ಬಿಸಿಮಾಡಿಕೊಂಡು ಬಂದು, ತಂತಿ ಸಿಕ್ಕಿಸಿದಳು. ಪರದೆಯ ಮೇಲೆ ಅಂಕಿಗಳು ಕುಪ್ಪಳಿಸಿದವು.

"ನೋಡಿ, ಎಂಜಿನ್ ಕುದೀತಿದೆ. ಆದ್ರೆ ಸೆನ್ಸರ್ ಮಾತ್ರ ಮಂಜುಗಡ್ಡೆ ಥರ ಇದೆ ಅಂತಿದೆ. ತಣ್ಣಗಿದೆ ಅಂದ್ಕೊಂಡು ಕಂಪ್ಯೂಟರ್ ಪೆಟ್ರೋಲ್ ಸುರೀತಾ ಇದೆ. ಅದಕ್ಕೇ ಗಾಡಿ ಬಿಕ್ಕಳಿಸೋದು" ಎಂದಳು ಆ ಮೆಕ್ಯಾನಿಕ್ ಹುಡುಗಿ.

ನರ್ಸಮ್ಮನವರ ಮುಖ ಅರಳಿತು. ಎಂಜಿನ್ ಆರಿದ ಮೇಲೆ ಹುಡುಗಿ ಸೆನ್ಸರ್ ಬಿಚ್ಚಿ ಮೀಟರಪ್ಪನವರ ಅಂಗೈಗೆ ಹಾಕಿದಳು. ಹೆಬ್ಬೆರಳಿನ ತುದಿಯಷ್ಟು ಹಿತ್ತಾಳೆ, ಮೈಯೆಲ್ಲ ಮಸಿ. ಮುಳ್ಳಿಲ್ಲ, ಗಾಜಿಲ್ಲ, ಅಂಕಿಯಿಲ್ಲ. ಇಷ್ಟು ಚಿಕ್ಕದೊಂದು ಕತ್ತಲಲ್ಲಿ, ಕುದಿಯುವ ನೀರಿನಲ್ಲಿ ಮುಖ ಮುಳುಗಿಸಿಕೊಂಡು, ಕ್ಷಣಕ್ಷಣವೂ ಎಂಜಿನ್ನಿಗೆ ಜ್ವರ ನೋಡುತ್ತಿರುತ್ತದೆಯೇ? ಮೀಟರಪ್ಪನವರಿಗೆ ನಿಜಕ್ಕೂ ಮೈ ಜುಂ ಎಂದಿತು. ತಮ್ಮ ಜನ್ಮದಲ್ಲಿ ಬಿಚ್ಚಿದ ಮೀಟರುಗಳೆಲ್ಲ ಇದರ ಮುಂದೆ ಮುದಿ ಆನೆಗಳೆನಿಸಿದವು.

ಹುಡುಗಿ ಅದನ್ನು ಬಿಸಿನೀರಿನ ಲೋಟದಲ್ಲಿ ಅದ್ದಿ, ಎರಡು ತಂತಿ ಮುಟ್ಟಿಸಿ ಪರೀಕ್ಷಿಸಿದಳು. ಪಕ್ಕದಲ್ಲಿ ಥರ್ಮಾಮೀಟರ್ ಇತ್ತು. ಎರಡೂ ಒಂದೇ ಮಾತು ಹೇಳಿದವು. ತಣ್ಣೀರು ಬೆರೆಸಿದಳು, ಆಗಲೂ ಒಂದೇ ಮಾತು. ಸೆನ್ಸರಿನ ಮೇಲಿನ ನಂಬರನ್ನು ಕಂಪನಿ ಕಳಿಸಿದ ಪಟ್ಟಿಯೊಂದಿಗೆ ಹೋಲಿಸಿ ನೋಡಿದಳು.

"ಸರ್, ಇದು ಕೆಟ್ಟಿರೋ ಸಾಲಿನದಲ್ಲ. ಸೆನ್ಸರ್ ಅಪ್ಪಟ ಚಿನ್ನ."

"ನೋಡಿದ್ಯಾ?" ಎಂದರು ಮೀಟರಪ್ಪ. ಜಂಬವನ್ನು ಎಷ್ಟು ಅದುಮಿದರೂ ಅದು ಮೀಸೆಯಲ್ಲಿ ಇಣುಕಿತು.

ನರ್ಸಮ್ಮ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡರು. "ಹಾಗಾದ್ರೆ ಕಾಲೇ ಬಿಡಿ" ಎಂದರು. ದನಿ ಎಷ್ಟು ಸಣ್ಣಗಾಗಿತ್ತೆಂದರೆ ಮೀಟರಪ್ಪನವರಿಗೆ ಗೆದ್ದ ಸಂತೋಷ ಅರ್ಧಕ್ಕೇ ಇಳಿದುಹೋಯಿತು.

ಆದರೆ ಹುಡುಗಿ ಕದಲಲಿಲ್ಲ. "ಕಾಲು ಹೇಗಾಗತ್ತೆ ಮೇಡಂ? ಇದು ಹೊರಗಿದ್ರೆ ನಿಜ ಹೇಳತ್ತೆ, ಒಳಗೆ ಕೂರಿಸಿದ್ರೆ ಸುಳ್ಳು ಹೇಳತ್ತೆ. ನಮ್ಮ ಹಿರಿಯರನ್ನ ಕರೀತೀನಿ ಇರಿ."

ಹಿರಿಯ ಮೆಕ್ಯಾನಿಕ್ ಬಂದರು. ತಲೆಯೆಲ್ಲ ಬಿಳಿ, ಬೆರಳೆಲ್ಲ ಕಪ್ಪು. ಸೆನ್ಸರನ್ನು ಬಟ್ಟೆಯಲ್ಲಿ ಒರೆಸಿದರು, ಮಸಿ ಹೋಯಿತು. ಅದರ ಕೆಳಗೆ ತಿರುಪಿನ ಸುತ್ತ ಹಾಲಿನಂಥ ಬಿಳಿ ಕಾಣಿಸಿತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬನ್ರೋ ಇಲ್ಲಿ, ಕೆಲಸ ಅಂದ್ರೆ ಏನು ಅಂತ ನೋಡಿ."

ಸ್ಪ್ಯಾನರ್ ಹಿಡಿದಿದ್ದವರು, ಎಣ್ಣೆ ಸುರಿಯುತ್ತಿದ್ದವರು ಎಲ್ಲರೂ ಬಂದು ಸುತ್ತುಗಟ್ಟಿದರು. ಹಿರಿಯರು ಸೆನ್ಸರನ್ನು ವಜ್ರ ತೋರಿಸುವಂತೆ ಬೆಳಕಿಗೆ ಹಿಡಿದಿದ್ದರು.

"ಐದೂವರೆ ಸುತ್ತು. ಒಂದು ಮಡಿಕೆ ಇಲ್ಲ, ಒಂದು ಎಳೆ ಎದ್ದಿಲ್ಲ. ನಲವತ್ತು ವರ್ಷದಲ್ಲಿ ಇಂಥ ಸುತ್ತು ನಾನು ನೋಡಿಲ್ಲ. ಯಾರಪ್ಪ ಈ ಮಹಾನುಭಾವ?"

ಮೀಟರಪ್ಪನವರು ನೋಡಿದರು. ತಮ್ಮ ಅಕ್ಷರವನ್ನು ಗುರುತಿಸುವಷ್ಟೇ ಸುಲಭವಾಗಿ ಆ ಸುತ್ತನ್ನು ಗುರುತಿಸಿದರು. ಐದು ತಿಂಗಳ ಹಿಂದೆ, ಹೆಂಡತಿ ಸೇತುವೆಯಾಚೆ ಓಡಾಡುತ್ತಿದ್ದಾಗ, ಆ ಜಾಗದಲ್ಲಿ ಒಂದು ಹನಿ ತೇವ ಕಂಡಿತ್ತು. ಪಾಪ, ದೂರ ಹೋಗುತ್ತಾಳೆ, ದಾರಿಯಲ್ಲಿ ಸೋರಬಾರದು ಎಂದು, ಬರೀ ಒಂದು ತಿರುಪೆಂದುಕೊಂಡು ಬಿಚ್ಚಿ, ಸುತ್ತಿ, ಹಾಕಿ, ಮರೆತೇಬಿಟ್ಟಿದ್ದರು.

ಬಾಯಿ ಮುಚ್ಚಿಕೊಂಡಿರು ಎಂದು ಬುದ್ಧಿ ಹೇಳಿತು. ಆದರೆ ಮೂವತ್ತೊಂದು ವರ್ಷದಲ್ಲಿ ಅವರ ಸುತ್ತನ್ನು ಯಾರೂ ಒಮ್ಮೆಯೂ ಹೊಗಳಿರಲಿಲ್ಲ. ಸೋರದ ಜಾಗವನ್ನು ಯಾರು ತಿರುಗಿ ನೋಡುತ್ತಾರೆ? ಇಲ್ಲಿ ನೋಡಿದರೆ ಹದಿನಾಲ್ಕು ಜನ ಬಾಯಿ ತೆರೆದು ನಿಂತಿದ್ದಾರೆ. ಎದೆ ತಾನಾಗಿ ಉಬ್ಬಿತು, ಬಾಯಿ ತಾನಾಗಿ ತೆರೆಯಿತು.

"ನಾನೇ" ಎಂದರು ಮೀಟರಪ್ಪ.

ಹಿರಿಯರು ಕೈ ಕುಲುಕಿದರು. ಕುಲುಕುತ್ತಲೇ ವಿಷಯ ಬಿಡಿಸಿ ಹೇಳಿದರು. "ಸ್ವಾಮಿ, ಈ ಸೆನ್ಸರಿಗೆ ಒಂದೇ ವೈರು. ಇನ್ನೊಂದು ವೈರಿನ ಕೆಲಸ ಅದರ ಮೈ ಮಾಡತ್ತೆ. ಹಿತ್ತಾಳೆ ಹೋಗಿ ಎಂಜಿನ್ನಿನ ಲೋಹಕ್ಕೆ ತಾಗ್ತಿರಬೇಕು. ನಡುವೆ ನಿಮ್ಮ ಟೇಪು ಕೂತಿದೆ. ತಣ್ಣಗಿದ್ದಾಗ ಹೇಗೋ ಒಂದ್ಚೂರು ತಾಗತ್ತೆ, ಬಿಸಿಯಾದ್ರೆ ಅದೂ ಇಲ್ಲ."

"ಅಂದ್ರೆ..."

"ಅಂದ್ರೆ ನೀವು ಸ್ವಲ್ಪ ಕೆಟ್ಟದಾಗಿ ಸುತ್ತಿದ್ರೂ ಎಲ್ಲೋ ಒಂದ್ಕಡೆ ಹರಿದು ಲೋಹ ತಾಗ್ತಿತ್ತು, ಗಾಡಿ ಸರಿಯಾಗಿ ಓಡ್ತಿತ್ತು. ಇಷ್ಟು ಚೆನ್ನಾಗಿ ಸುತ್ತಿದ್ದೇ ತೊಂದರೆ ಆಗಿದ್ದು."

ಹದಿನಾಲ್ಕು ಜೊತೆ ಕಣ್ಣು ಮೀಟರಪ್ಪನವರ ಮೇಲಿದ್ದವು. ಹದಿನೈದನೆಯ ಜೊತೆ ನರ್ಸಮ್ಮನವರದು, ಅದರ ಕಡೆ ಅವರು ನೋಡಲಿಲ್ಲ. ಬೆಳಿಗ್ಗೆ ಕೊಟ್ಟ ಮಾತು ನೆನಪಿತ್ತು. ಓಡಿಹೋಗೋಣವೆಂದರೆ ಕಾರಿನ ಬಾನೆಟ್ಟೇ ತೆರೆದಿತ್ತು.

"ಎಲ್ಲರೂ ಕೇಳಿ" ಎಂದು ಗಂಟಲು ಸರಿಮಾಡಿಕೊಂಡರು. "ಇವಳ ಕಾಲು ಭಾರ ಅಂತ ನಾನು ಹೇಳಿದ್ದೆ. ಅದು ಸುಳ್ಳು. ಇವಳ ತಪ್ಪು ಒಂದು ಕೂದಲೆಳೆಯಷ್ಟೂ ಇಲ್ಲ. ತಪ್ಪೆಲ್ಲ ನಂದು."

"ಸ್ವಲ್ಪ ಜೋರಾಗಿ ಹೇಳಿ" ಎಂದರು ನರ್ಸಮ್ಮ. "ಆ ಮೂಲೇಲಿ ಟೈರ್ ಬಿಚ್ತಿದಾರಲ್ಲ, ಅವರಿಗೆ ಕೇಳಿಸ್ಲಿಲ್ಲ."

ಮೀಟರಪ್ಪನವರು ಜೋರಾಗಿ ಹೇಳಿದರು. ಎರಡನೇ ಸಲ ಹೇಳುವಾಗ ಅವರು ಹೆಂಡತಿಯ ಕಡೆಗೇ ತಿರುಗಿದರು, ಐದು ತಿಂಗಳು ಈಕೆ ಒಂದು ಮಾತೂ ಆಡದೆ ಹೊತ್ತದ್ದೇನೆಂದು ಆಗಷ್ಟೇ ತಿಳಿದಿತ್ತು. ಹಿರಿಯರು ಟೇಪು ಬಿಚ್ಚಿ, ಅದೇ ಸೆನ್ಸರನ್ನು ಒರೆಸಿ, ಸೋರದಂತೆ ಅದರ ಬುಡಕ್ಕೆ ಹೊಸ ತಾಮ್ರದ ವಾಷರೊಂದನ್ನು ಹಾಕಿ ಮತ್ತೆ ಕೂರಿಸಿದರು.

ನರ್ಸಮ್ಮ ಸ್ಟಿಯರಿಂಗ್ ಮುಂದೆ ಕುಳಿತರು. ಕಾರು ಮನೆಯ ಕಡೆ ತಿರುಗಲಿಲ್ಲ, ಸೇತುವೆಯ ಕಡೆ ತಿರುಗಿತು. ಪಕ್ಕದಲ್ಲಿ ಮೀಟರಪ್ಪನವರು ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದರು. ಹೆಂಡತಿ ಕಾರು ಓಡಿಸುವುದನ್ನು ಅವರು ಒಂದು ಸಲವೂ ಕಣ್ಣಾರೆ ನೋಡಿರಲಿಲ್ಲ, ತೀರ್ಪು ಕೊಟ್ಟದ್ದಷ್ಟೇ. ಗೇರು ಬಿದ್ದದ್ದು ಗೊತ್ತಾಗಲಿಲ್ಲ, ಬ್ರೇಕು ಹಿಡಿದದ್ದು ಗೊತ್ತಾಗಲಿಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಂತಿತೋ ಇಲ್ಲವೋ ಎಂದು ತಿಳಿಯಲು ಕಿಟಕಿಯಾಚೆಯ ಕಂಬ ನೋಡಬೇಕಾಯಿತು. ಸೇತುವೆಯ ನಡುವೆ, ಹಿಂದೆ ಲಾರಿ ಮುಂದೆ ಬಸ್ಸು ಇದ್ದಾಗ, ಆಕೆ ಕಾರನ್ನು ನಿಲ್ಲಿಸಿ ಹೊರಡಿಸಿದ ರೀತಿ ಕಂಡು ಅವರಿಗೆ ಆಕೆಯ ಇಂಜೆಕ್ಷನ್ ನೆನಪಾಯಿತು. ಇಪ್ಪತ್ತೊಂಬತ್ತು ವರ್ಷ ಜೊತೆಗಿದ್ದೂ ಇದನ್ನು ತಾನು ಅಳೆಯಲಿಲ್ಲವಲ್ಲ ಎಂದು ದಂಗಾಗಿ ಕೂತರು.

ಆಚೆ ದಡದ ಮೊದಲ ಮನೆಯ ಮುಂದೆ ಕಾರು ನಿಂತಿತು. ಜಗುಲಿಯಲ್ಲಿ ಕೂತಿದ್ದ ಮುದಿ ದರ್ಜಿ, ನರ್ಸಮ್ಮನವರ ಹಳೆಯ ರೋಗಿ, ಕೋಲೂರಿಕೊಂಡು ಗೇಟಿಗೆ ಬಂದರು.

"ಏನಮ್ಮ, ಇಷ್ಟು ದಿನ ಆದ್ಮೇಲೆ? ಗಾಡಿ ಕೆಟ್ಟಿದೆ ಅಂದಿದ್ರಿ?"

"ಗಾಡಿ ಚೆನ್ನಾಗೇ ಇದೆ ತಾತ. ದೋಷ ಇದ್ದದ್ದು ಅಲ್ಲಿ, ಪಕ್ಕದ ಸೀಟಲ್ಲಿ ಕೂತಿದೆಯಲ್ಲ."

ದರ್ಜಿ ಬಗ್ಗಿ ಕಿಟಕಿಯೊಳಗೆ ಇಣುಕಿ, ಮೀಟರಪ್ಪನವರನ್ನು ಮೇಲಿಂದ ಕೆಳಗೆ ನೋಡಿದರು.

"ಮತ್ತೆ ಬದಲಾಯಿಸ್ಲಿಲ್ವಾ?"

"ವಿಚಾರಿಸ್ದೆ" ಎಂದರು ನರ್ಸಮ್ಮ, ಸಿರಿಂಜಿನ ಡಬ್ಬಿ ಎತ್ತಿಕೊಂಡು ಕಾರಿನ ಬಾಗಿಲು ಹಾಕುತ್ತ. "ಈ ಮಾಡೆಲ್ ತಯಾರು ಮಾಡೋದನ್ನ ನಿಲ್ಲಿಸಿ ಬಹಳ ವರ್ಷ ಆಯ್ತಂತೆ, ಪಾರ್ಟು ಸಿಗಲ್ಲ. ಒರೆಸಿ ಇದನ್ನೇ ಇಟ್ಕೊಂಡಿದೀನಿ."